ಅಂಧೇರಿಯ ಕನ್ನಡಿಗರೂ ದೂರಶಿಕ್ಷಣವೂ : ರಾತ್ರಿ ಶಾಲೆಯಿಂದ ವೆಬ್ ತಂತ್ರಾಂಶದವರೆಗೆ

೧

ಮುಂಬಯಿ ಕನ್ನಡಿಗರ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ರಾತ್ರಿ ಶಾಲೆಗಳ ಅಧ್ಯಾಯವನ್ನು ಮುಗಿಸಿ ಅಲ್ಲಿಗೇ ಲೇಖನಿಯನ್ನು ಕೆಳಗಿಡುವುದು ವಾಡಿಕೆಯಾಗಿದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದ ಬಾಲಕನು ಮೆಟ್ರಿಕ್ ಪರೀಕ್ಷೆಯನ್ನು ದಾಟಿ ಗುಮಾಸ್ತೆಯಾಗಿ, ವಕೀಲನಾಗಿ, ಹೋಟೆಲಿನ ಮಾಲಿಕನಾಗಿ ಬೆಳೆದ ಕಥೆ ನಮಗೆಲ್ಲ ಪ್ರಿಯವಾದುದು. ಅದು ನಿಜವೂ ಹೌದು. ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಬಾಲಕನ ಮಗನೂ ಮೊಮ್ಮಗಳೂ ಇಂದು ಅಂಧೇರಿಯ ಎರಡು ಕೋಣೆಗಳ ಮನೆಯಲ್ಲಿ, ಕಚೇರಿಯಿಂದ ಹಿಂದಿರುಗಿದ ಮೇಲೆ, ಮನೆಮಂದಿ ಮಲಗುವ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು ಯಾವುದೋ ವಿಶ್ವವಿದ್ಯಾನಿಲಯದ ಪಾಠಕ್ಕೆ ಕುಳಿತುಕೊಳ್ಳುತ್ತಾರೆ. ಅಜ್ಜನು ಕಲಿತುದು ಅಕ್ಷರ ಮತ್ತು ಅಂಕಗಣಿತ. ಮೊಮ್ಮಗಳು ಕಲಿಯುತ್ತಿರುವುದು ‘ಎಂಟರ್‌ಪ್ರೈಸ್ ವೆಬ್ ಅಪ್ಲಿಕೇಶನ್’ ಎಂಬ ಹೆಸರಿನ ತಂತ್ರಾಂಶ ನಿರ್ಮಾಣದ ವಿದ್ಯೆ. ಇಬ್ಬರ ನಡುವೆ ಸುಮಾರು ನೂರು ವರ್ಷಗಳ ಅಂತರವಿದ್ದರೂ ಇಬ್ಬರದೂ ದುಡಿಯುತ್ತ ಕಲಿಯುವವರ ಪಾಡೇ ಆಗಿದೆ.

ಈ ಎರಡು ತುದಿಗಳನ್ನು ಒಂದೇ ಚರಿತ್ರೆಯ ಎರಡು ಭಾಗಗಳೆಂದು ನೋಡುವುದು ಪ್ರಕೃತ ಲೇಖನದ ಉದ್ದೇಶ. ದುಡಿಯುವ ವಿದ್ಯಾರ್ಥಿಗೆ ಯಾವ ಕಾಲದಲ್ಲಿಯೂ ಮೂರು ಅನುಕೂಲಗಳು ಬೇಕು. ಮೊದಲನೆಯದು, ಅವನ ಬಿಡುವಿಗೆ ಹೊಂದುವ ಹೊತ್ತು. ಎರಡನೆಯದು, ಕಲಿತುದಕ್ಕೆ ಲೋಕವು ಒಪ್ಪುವ ಮುದ್ರೆ. ಮೂರನೆಯದು, ಕಲಿಯುವಾಗ ಪಕ್ಕದಲ್ಲಿ ಕುಳಿತುಕೊಳ್ಳುವ ಜೊತೆ. ಈ ಮೂರರಲ್ಲಿ ಯಾವುದು ಯಾವ ಕಾಲದಲ್ಲಿ ದೊರೆಯಿತು, ಯಾವುದು ತಪ್ಪಿತು ಎಂಬುದನ್ನು ಪರಿಶೀಲಿಸಿದರೆ ಇಂದು ನಮ್ಮ ಸಂಘಸಂಸ್ಥೆಗಳು ಮಾಡತಕ್ಕ ಕೆಲಸವೇನೆಂಬುದು ತಾನಾಗಿಯೇ ಸ್ಪಷ್ಟವಾಗುವುದು.

೨

ಮೊದಲು ವಿದ್ಯೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ಬ್ಯಾಂಕಿನ ಉದಾಹರಣೆಯಿಂದ ಇದನ್ನು ವಿವರಿಸುವುದು ನನಗೆ ಸುಲಭ. ಹಿಂದಿನ ಕಾಲದ ಶಾಖೆಯಲ್ಲಿ ಗ್ರಾಹಕನ ಖಾತೆಯು ಒಂದು ದಪ್ಪ ಲೆಡ್ಜರಿನ ಒಂದು ಪುಟದಲ್ಲಿರುತ್ತಿದ್ದಿತು. ಆ ಲೆಡ್ಜರು ಒಂದೇ ಕಡೆ ಇದ್ದುದರಿಂದ ಒಂದು ಸಲಕ್ಕೆ ಒಂದೇ ಕೈ ಅದರಲ್ಲಿ ಬರೆಯಲು ಸಾಧ್ಯವಿದ್ದಿತು. ಗುಮಾಸ್ತೆ ಬರೆಯುವನು, ಅಧಿಕಾರಿ ನೋಡಿ ಸಹಿ ಹಾಕುವನು. ಈ ಎರಡು ಕೈಗಳ ಕ್ರಮದಲ್ಲಿಯೇ ಬ್ಯಾಂಕಿನ ಭದ್ರತೆ ಅಡಗಿತ್ತು.

ಈಗ ಆ ಪುಟವು ದೂರದ ಯಾವುದೋ ಕೇಂದ್ರದ ಗಣಕಯಂತ್ರದಲ್ಲಿದೆ. ಅಂಧೇರಿಯ ಶಾಖೆ, ಕುಂದಾಪುರದ ಶಾಖೆ, ಎ.ಟಿ.ಎಂ., ಗ್ರಾಹಕನ ಮೊಬೈಲು — ಇವೆಲ್ಲವೂ ಏಕಕಾಲದಲ್ಲಿ ಅದೇ ಪುಟವನ್ನು ತೆರೆಯಬಲ್ಲವು. ಖಾತೆಯಲ್ಲಿ ೧೦,೦೦೦ ರೂಪಾಯಿಗಳಿವೆಯೆಂದು ಇಟ್ಟುಕೊಳ್ಳೋಣ. ಗಂಡನು ಅಂಧೇರಿಯಲ್ಲಿಯೂ ಹೆಂಡತಿಯು ಕುಂದಾಪುರದಲ್ಲಿಯೂ ಒಂದೇ ಕ್ಷಣದಲ್ಲಿ ೮,೦೦೦ ರೂಪಾಯಿ ಕೇಳಿದರೆ, ಎರಡು ಕಡೆಯ ಯಂತ್ರಗಳೂ ೧೦,೦೦೦ ಇದೆಯೆಂದು ಓದಿ, ಇಬ್ಬರಿಗೂ ಹಣವನ್ನು ಕೊಟ್ಟು, ಎರಡೂ ‘ಬಾಕಿ ೨,೦೦೦’ ಎಂದು ಬರೆದುಬಿಡಬಹುದು. ಕೊಟ್ಟ ಹಣ ೧೬,೦೦೦. ಪುಸ್ತಕದಲ್ಲಿ ಕಾಣುವುದು ಮಾತ್ರ ೨,೦೦೦ದ ಬಾಕಿ. ಇಂತಹ ಅನರ್ಥವಾಗದಂತೆ ಒಬ್ಬನು ಪುಟವನ್ನು ಹಿಡಿದಿರುವಾಗ ಇನ್ನೊಬ್ಬನನ್ನು ಕಾಯಿಸುವುದು, ಒಂದು ಖಾತೆಯಿಂದ ಕಳೆದುದು ಇನ್ನೊಂದು ಖಾತೆಗೆ ಸೇರದೆ ಹೋದರೆ ಎರಡೂ ನಡೆಯಲಿಲ್ಲವೆಂದು ರದ್ದುಮಾಡುವುದು, ಗುಮಾಸ್ತೆ ಬರೆದುದನ್ನು ಅಧಿಕಾರಿ ಒಪ್ಪುವವರೆಗೆ ತಡೆದಿಡುವುದು, ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯನ್ನು ಅಳಿಸಲಾಗದಂತೆ ಇಡುವುದು — ಇವೆಲ್ಲವನ್ನೂ ತಂತ್ರಾಂಶವೇ ಮಾಡಬೇಕು. ಬಳಸುವವನ ಮುಂದಿನ ಪರದೆ ಒಂದು ಪದರ, ನಿಯಮಗಳನ್ನು ನಡೆಸುವ ಸರ್ವರ್ ಎರಡನೆಯದು, ಮಾಹಿತಿಯನ್ನು ಕಾಯುವ ಡೇಟಾಬೇಸ್ ಮೂರನೆಯದು. ಈ ಮೂರು ಪದರಗಳನ್ನು ಹೊಂದಿಸಿ, ಸಾವಿರಾರು ಜನ ಒಮ್ಮೆಗೇ ಬಳಸಿದರೂ ಲೆಕ್ಕ ತಪ್ಪದಂತೆ ಕಟ್ಟುವುದೇ ಎಂಟರ್‌ಪ್ರೈಸ್ ವೆಬ್ ಅಪ್ಲಿಕೇಶನ್ನಿನ ವಿದ್ಯೆ. ೧೯೯೫ರಲ್ಲಿ ಹೊರಬಂದ ಜಾವಾ ಭಾಷೆ, ೧೯೯೯ರಲ್ಲಿ ಅದರ ಮೇಲೆ ರೂಪುಗೊಂಡ ಜೆ-ಟು-ಇ-ಇ ಎಂಬ ಚೌಕಟ್ಟು, ಅನಂತರ ಬಂದ ಸ್ಪ್ರಿಂಗ್ ಮೊದಲಾದವು ಇದರ ಸಾಮಾನ್ಯ ಉಪಕರಣಗಳು.

ಇಂದು ಲೆಕ್ಕಪುಸ್ತಕವೇ ಇಂತಹ ತಂತ್ರಾಂಶವಾಗಿರುವುದರಿಂದ, ಬ್ಯಾಂಕು, ವಿಮೆ, ರೈಲ್ವೆ, ಆಸ್ಪತ್ರೆ, ಯಾವ ಕಚೇರಿಯಲ್ಲಿಯೇ ಆಗಲಿ, ಈ ವಿದ್ಯೆಯನ್ನು ಅರಿಯದವನು ತನ್ನ ಕೆಲಸದ ಒಳಗುಟ್ಟನ್ನು ಅರಿಯದವನಾಗುತ್ತಾನೆ. ಲೆಡ್ಜರಿನ ಕಾಲದಲ್ಲಿ ಮೋಡಿ ಅಕ್ಷರವನ್ನು ಓದಲಾರದ ಗುಮಾಸ್ತೆಯ ಸ್ಥಿತಿಯೂ ಹೀಗೆಯೇ ಇದ್ದಿರಬೇಕು.

೩

ಇನ್ನು ಚರಿತ್ರೆಗೆ ಬರೋಣ. ಮುಂಬಯಿ ವಿಶ್ವವಿದ್ಯಾನಿಲಯವು ೧೮೫೭ರಲ್ಲಿ ಸ್ಥಾಪಿತವಾಯಿತು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಹುಟ್ಟಿದ ಈ ಸಂಸ್ಥೆ ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವುದೇ ಅದರ ಕೆಲಸವಾಗಿದ್ದಿತು. ವಿಶೇಷವೇನೆಂದರೆ ಮರುವರ್ಷವೇ, ೧೮೫೮ರ ಸನ್ನದಿನಿಂದ, ಲಂಡನ್ ವಿಶ್ವವಿದ್ಯಾನಿಲಯವು ಕಾಲೇಜಿಗೆ ಸೇರದವರಿಗೂ ತನ್ನ ಪರೀಕ್ಷೆಗಳ ಬಾಗಿಲನ್ನು ತೆರೆಯಿತು. ಇಂದಿನ ದೂರಶಿಕ್ಷಣದ ಬೇರನ್ನು ವಿದ್ವಾಂಸರು ಅಲ್ಲಿಯೇ ಗುರುತಿಸುತ್ತಾರೆ. ಮುಂಬಯಿಯು ಅನುಕರಿಸಿದುದು ಹಳೆಯ ಕ್ರಮವನ್ನು. ಸಂಲಗ್ನ ಕಾಲೇಜಿನಲ್ಲಿ ಓದಿದವನಿಗೇ ಪದವಿ ಎಂಬ ನಿಯಮದಿಂದಾಗಿ ದುಡಿಯುವವನು ಹೊರಗೆ ಉಳಿದನು.

ಕನ್ನಡಿಗರಿಗೂ ಈ ವಿಶ್ವವಿದ್ಯಾನಿಲಯಕ್ಕೂ ಇದ್ದ ಸಂಬಂಧ ಮಾತ್ರ ಮೊದಲಿನಿಂದಲೂ ದೂರದ್ದೇ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವಾದುದರಿಂದ ಅಲ್ಲಿಯ ಹುಡುಗರು ಬರೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾನಿಲಯದ ಮೆಟ್ರಿಕ್ ಪರೀಕ್ಷೆಯನ್ನು. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಅದೂ ಮುಂಬಯಿಗೇ ಸಂಲಗ್ನವಾಯಿತು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದುದೂ ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಹೀಗೆ ಮುಂಬಯಿಯನ್ನು ಕಣ್ಣಿನಿಂದ ಕಾಣದೆಯೇ ಮುಂಬಯಿಯ ಪದವೀಧರರಾದ ಕನ್ನಡಿಗರು ಎರಡು ಮೂರು ತಲೆಮಾರುಗಳಷ್ಟು ಇದ್ದಾರೆ. ಇತ್ತ ಮುಂಬಯಿಯಲ್ಲಿಯೇ ಬೆವರು ಸುರಿಸುತ್ತಿದ್ದ ದಕ್ಷಿಣ ಕನ್ನಡದ ಬಾಲಕನಿಗೆ, ಕೋಟೆಯ ರಾಜಾಬಾಯಿ ಗೋಪುರದ ಗಂಟೆ ದಿನವೂ ಕೇಳಿಸುತ್ತಿದ್ದರೂ, ಅದರ ಕೆಳಗಿನ ಬಾಗಿಲು ಮುಚ್ಚಿಯೇ ಇದ್ದಿತು.

ಆ ಬಾಲಕನ ಸಹಾಯಕ್ಕೆ ಬಂದವು ನಮ್ಮ ಜಾತಿಸಂಘಗಳೂ ಕನ್ನಡ ಸಂಘಗಳೂ ನಡೆಸಿದ ರಾತ್ರಿ ಶಾಲೆಗಳು. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಆ ಶತಕದ ಮೊದಲ ದಶಕದಲ್ಲಿಯೇ ರಾತ್ರಿ ಶಾಲೆಯನ್ನು ತೆರೆಯಿತು. ಮುಂದೆ ಬಿಲ್ಲವರ ಸಂಸ್ಥೆಗಳೂ ಕೋಟೆ ಭಾಗದ ಕನ್ನಡ ಸಂಸ್ಥೆಗಳೂ ಅದೇ ದಾರಿಯಲ್ಲಿ ನಡೆದುವು. ಈ ಶಾಲೆಗಳಲ್ಲಿ ಹೊತ್ತು ಹೊಂದಿಕೆಯಾಗಿದ್ದಿತು: ಹೋಟೆಲಿನ ಕೆಲಸ ಮುಗಿದ ಮೇಲೆ ತರಗತಿ. ಜೊತೆಗೂ ಕೊರತೆಯಿರಲಿಲ್ಲ: ಪಕ್ಕದ ಬೆಂಚಿನಲ್ಲಿ ಊರಿನವನೇ, ಮೇಷ್ಟ್ರೂ ಹಗಲು ಎಲ್ಲಿಯೋ ಗುಮಾಸ್ತೆಯಾಗಿ ದುಡಿದು ಬಂದವರೇ. ಕಲಿಸುವ ಮಾತು ಕನ್ನಡ. ಆದರೆ ಮುದ್ರೆ ಮೆಟ್ರಿಕಿಗೆ ನಿಂತುಹೋಯಿತು. ಅದರ ಮುಂದೆ ಓದಬೇಕೆನ್ನುವವನಿಗೆ ಬೆಳಗಿನ ಕಾಲೇಜುಗಳ ಹೊರತು ಬೇರೆ ಗತಿಯಿರಲಿಲ್ಲ. ೧೯೪೬ರಲ್ಲಿ ಡಾಕ್ಟರ್ ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಯು ತೆರೆದ ಸಿದ್ಧಾರ್ಥ ಕಾಲೇಜು ದುಡಿಯುವವರಿಗೆ ಅನುಕೂಲವಾಗುವಂತೆ ಬೆಳಗಿನ ತರಗತಿಗಳನ್ನು ನಡೆಸಿ ಮಾಡಿದ ಉಪಕಾರವನ್ನು ಮುಂಬಯಿ ಕನ್ನಡಿಗರೂ ಸ್ಮರಿಸಬೇಕು.

೪

ನಮ್ಮ ಬ್ಯಾಂಕುಗಳಲ್ಲಿ ದೂರಶಿಕ್ಷಣವು ಇನ್ನೊಂದು ಹೆಸರಿನಲ್ಲಿ ಬಹಳ ಹಿಂದೆಯೇ ನಡೆದುಬಂದಿದೆ. ೧೯೨೮ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಸಂಸ್ಥೆಯ ‘ಸಿ.ಎ.ಐ.ಐ.ಬಿ.’ ಪರೀಕ್ಷೆಯನ್ನು ಗುಮಾಸ್ತೆಯು ಮನೆಯಲ್ಲಿಯೇ ಓದಿ ಬರೆಯುತ್ತಿದ್ದನು. ತೇರ್ಗಡೆಯಾದವನಿಗೆ ಸಂಬಳದಲ್ಲಿ ಬಡ್ತಿ ದೊರೆಯುತ್ತಿದ್ದುದರಿಂದ ಮುದ್ರೆಯ ಬೆಲೆ ಎಲ್ಲರಿಗೂ ಗೊತ್ತಿದ್ದಿತು. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಊಟದ ಬಿಡುವಿನಲ್ಲಿ ಇಬ್ಬರು ಮೂವರು ಒಟ್ಟಿಗೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು ಸಾಮಾನ್ಯ ನೋಟವಾಗಿದ್ದಿತೆಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಪರೀಕ್ಷೆ ದೂರದ್ದಾದರೂ ಜೊತೆ ಹತ್ತಿರದಲ್ಲಿಯೇ ಇದ್ದಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ವಿಶ್ವವಿದ್ಯಾನಿಲಯಗಳು ಈ ದಾರಿಗೆ ಬರಲು ಇನ್ನೂ ಮೂರು ದಶಕಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ೧೯೬೨ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಭಾರತದ ಮೊದಲ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಜನರ ಬಾಯಲ್ಲಿ ಅದು ‘ಅಂಚೆ ತೆರಪಿನ ಶಿಕ್ಷಣ’ವಾಯಿತು. ‘ತೆರಪು’ ಎಂಬ ಆ ಅಚ್ಚಗನ್ನಡ ಮಾತು ದುಡಿಯುವವನ ಬಿಡುವಿನ ಹೊತ್ತನ್ನು ಎಷ್ಟು ಸರಿಯಾಗಿ ಸೂಚಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯವು ಸನ್ನದು ಪಡೆದುದೂ ೧೯೬೯ರಲ್ಲಿಯೇ. ಮುಂಬಯಿ ವಿಶ್ವವಿದ್ಯಾನಿಲಯವು ೧೯೭೧ರಲ್ಲಿ ಅಂಚೆ ಶಿಕ್ಷಣವನ್ನು ಕೈಗೊಂಡಿತು. ಅಂದರೆ ಲಂಡನ್ನು ೧೮೫೮ರಲ್ಲಿ ತೆರೆದ ಬಾಗಿಲನ್ನು ಮುಂಬಯಿಯು ತೆರೆಯಲು ೧೧೩ ವರ್ಷಗಳು ಹಿಡಿದುವು. ಅನಂತರ ೧೯೮೨ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯ, ೧೯೮೫ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ೧೯೮೯ರಲ್ಲಿ ನಾಸಿಕದಲ್ಲಿ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾನಿಲಯ ಇವು ಸ್ಥಾಪಿತವಾದುವು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯು ೧೯೯೬ರ ಜೂನ್ ೧ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಅಂಚೆ ಶಿಕ್ಷಣದಲ್ಲಿ ಹೊತ್ತು ಪೂರ್ಣವಾಗಿ ವಿದ್ಯಾರ್ಥಿಯದಾಯಿತು. ಮುದ್ರೆಯೂ ಪದವಿಯವರೆಗೆ ಏರಿತು. ಹೋದುದು ಜೊತೆ. ಕಟ್ಟು ಕಟ್ಟಾಗಿ ಅಂಚೆಯಲ್ಲಿ ಬಂದ ಪಾಠದ ಹೊತ್ತಗೆಗಳ ಮುಂದೆ ವಿದ್ಯಾರ್ಥಿ ಒಬ್ಬನೇ ಕುಳಿತನು. ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯಗಳಂತಹ ಓದಿಯೇ ತಿಳಿಯುವ ವಿಷಯಗಳಿಗೆ ಇದರಿಂದ ಬಂದ ತೊಂದರೆ ಸಹಿಸುವಂತಹುದಾಗಿದ್ದಿತು.

೫

ಈ ಹೊತ್ತಿಗೆ ಅಂಧೇರಿಯ ರೂಪವೇ ಬದಲಾಗಿದ್ದಿತು. ೧೯೭೩ರಲ್ಲಿ ಕೇಂದ್ರ ಸರಕಾರವು ಅಂಧೇರಿ ಪೂರ್ವದ ಮರೋಳದ ಬಳಿ ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ವಲಯವನ್ನು ಸ್ಥಾಪಿಸಿತು. ಹೆಸರು ಸಾಂತಾಕ್ರೂಜಿನದು, ನೆಲ ಅಂಧೇರಿಯದು. ಜನ ಅದನ್ನು ‘ಸೀಪ್ಜ್’ ಎನ್ನುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಟಾಟಾ ಬರೋಸ್ ಕಂಪೆನಿಯೂ ಎಂಬತ್ತರ ದಶಕದಲ್ಲಿ ಸಿಟಿಕಾರ್ಪಿನ ತಂತ್ರಾಂಶ ಘಟಕವೂ ಇಲ್ಲಿ ನೆಲೆಸಿದುವು. ಸಿಟಿಕಾರ್ಪಿನ ಈ ಉದ್ಯಮದಿಂದ ಕವಲೊಡೆದ ಸಂಸ್ಥೆಯು ಮೊದಲು ‘ಮೈಕ್ರೋಬ್ಯಾಂಕರ್’, ಅನಂತರ ‘ಫ್ಲೆಕ್ಸ್‌ಕ್ಯೂಬ್’ ಎಂಬ ಬ್ಯಾಂಕ್ ತಂತ್ರಾಂಶಗಳನ್ನು ನಿರ್ಮಿಸಿ, ‘ಐ-ಫ್ಲೆಕ್ಸ್’ ಎಂಬ ಹೆಸರನ್ನು ಪಡೆದು, ೨೦೦೫ರಲ್ಲಿ ಆರಂಭವಾದ ಖರೀದಿಯಿಂದ ಓರ್ಯಾಕಲ್ ಕಂಪೆನಿಯ ಕೈಸೇರಿತು.

ಇದೇ ಕಾಲದಲ್ಲಿ ಬ್ಯಾಂಕುಗಳೊಳಗೂ ಗಣಕಯಂತ್ರವು ಪ್ರವೇಶಿಸುತ್ತಿದ್ದಿತು. ಉದ್ಯೋಗ ಹೋದೀತೆಂಬ ಭಯದಿಂದ ನೌಕರರ ಸಂಘಗಳು ಅದನ್ನು ಬಹುಕಾಲ ವಿರೋಧಿಸಿದ್ದುವು. ೧೯೮೩ರಲ್ಲಿ ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಒಪ್ಪಂದವಾಯಿತು. ರಿಸರ್ವ್ ಬ್ಯಾಂಕು ಸಿ. ರಂಗರಾಜನ್ನರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ೧೯೮೪ರಲ್ಲಿ ವರದಿಯನ್ನು ಒಪ್ಪಿಸಿತು. ಮೊದಲು ಲೆಡ್ಜರ್ ಬರೆಯುವ ಯಂತ್ರಗಳು, ಆಮೇಲೆ ಶಾಖೆಗೊಂದು ಗಣಕ, ೨೦೦೦ದ ನಂತರ ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ — ಹೀಗೆ ಹಂತಹಂತವಾಗಿ ಲೆಡ್ಜರು ಮೇಜಿನಿಂದ ಮರೆಯಾಯಿತು.

ಇಲ್ಲಿ ಚರಿತ್ರೆಯ ಒಂದು ಕುತೂಹಲಕರವಾದ ತಿರುವನ್ನು ಗಮನಿಸಬೇಕು. ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ತಮ್ಮ ಲೆಕ್ಕವನ್ನು ಇಡಲು ಆರಿಸಿಕೊಂಡುದು ಅಂಧೇರಿಯ ಸೀಪ್ಜಿನಲ್ಲಿ ಬೇರೂರಿದ್ದ ಈ ತಂತ್ರಾಂಶವನ್ನೇ. ೨೦೧೯ರ ಆಗಸ್ಟ್ ೩೦ರಂದು ಅರ್ಥಸಚಿವೆಯು ಬ್ಯಾಂಕುಗಳ ವಿಲೀನವನ್ನು ಘೋಷಿಸಿದಾಗ, ಈ ಎರಡು ಬ್ಯಾಂಕುಗಳ ತಂತ್ರಾಂಶ ಒಂದೇ ಆಗಿರುವುದನ್ನು ಅನುಕೂಲಗಳಲ್ಲಿ ಒಂದಾಗಿ ಎಣಿಸಲಾಗಿದ್ದಿತು. ಉಡುಪಿಯಲ್ಲಿ ೧೯೦೬ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕನ್ನು ಯೂನಿಯನ್ ಬ್ಯಾಂಕಿನೊಡನೆ ಸೇರಿಸುವಾಗಲೂ, ಬೆಂಗಳೂರಿನ ಇನ್ಫೋಸಿಸ್ಸಿನ ‘ಫಿನಾಕಲ್’ ತಂತ್ರಾಂಶ ಎರಡು ಕಡೆಯೂ ಇರುವುದನ್ನು ಹೇಳಲಾಯಿತು. ೨೦೨೦ರ ಏಪ್ರಿಲ್ ೧ರಂದು ಈ ವಿಲೀನಗಳು ಜಾರಿಗೆ ಬಂದುವು. ಹಿಂದೆ ಸಂಬಂಧ ಬೆಳೆಸುವವರು ಕುಲಗೋತ್ರಗಳನ್ನು ವಿಚಾರಿಸುತ್ತಿದ್ದರು; ಬ್ಯಾಂಕುಗಳ ಸಂಬಂಧಕ್ಕೆ ಈಗ ತಂತ್ರಾಂಶದ ಜಾತಕವನ್ನೂ ನೋಡುವ ಕಾಲ ಬಂದಿದೆ. ನಮ್ಮ ಊರಿನ ಬ್ಯಾಂಕುಗಳ ಹೆಸರುಗಳು ಅಳಿಯುವ ಉಳಿಯುವ ವಿಚಾರದಲ್ಲಿಯೂ ವೆಬ್ ತಂತ್ರಾಂಶಕ್ಕೆ ಒಂದು ಮಾತು ದೊರೆತಿರುವಾಗ, ಅದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬ ಪ್ರಶ್ನೆ ಕೇವಲ ಉದ್ಯೋಗದ ಪ್ರಶ್ನೆಯಾಗಿ ಉಳಿಯುವುದಿಲ್ಲ.

೬

ಈ ವಿದ್ಯೆಯನ್ನು ಕಲಿಸಲು ಮೊದಲು ಮುಂದೆ ಬಂದವರು ಖಾಸಗಿ ವರ್ಗಗಳವರು. ೧೯೮೬ರಲ್ಲಿ ಆರಂಭವಾಗಿ ಮುಂದೆ ಮರೋಳದ ಎಂ.ಐ.ಡಿ.ಸಿ.ಯಲ್ಲಿ ತನ್ನ ಕಚೇರಿಯನ್ನು ಕಟ್ಟಿಕೊಂಡ ಆಪ್ಟೆಕ್ ಸಂಸ್ಥೆಯ ಹೆಸರು ಅಂಧೇರಿಯವರಿಗೆ ಪರಿಚಿತವೇ. ಇಂತಹ ವರ್ಗಗಳಲ್ಲಿ ಸಂಜೆಯ ಹೊತ್ತು ಇದ್ದಿತು, ಜೊತೆಯೂ ಇದ್ದಿತು, ಅಭ್ಯಾಸಕ್ಕೆ ಯಂತ್ರವೂ ದೊರೆಯುತ್ತಿದ್ದಿತು. ವಿಶ್ವವಿದ್ಯಾನಿಲಯದ ಮುದ್ರೆ ಮಾತ್ರ ಇರಲಿಲ್ಲ. ಈ ಕೊರತೆಯನ್ನು ತುಂಬಲು ೧೯೯೦ರಲ್ಲಿ ಕೇಂದ್ರ ಸರಕಾರವು ‘ಓ’, ‘ಎ’, ‘ಬಿ’, ‘ಸಿ’ ಎಂಬ ನಾಲ್ಕು ಮಟ್ಟಗಳ ಡಿ.ಒ.ಇ.ಎ.ಸಿ.ಸಿ. ಪರೀಕ್ಷೆಗಳನ್ನು ಏರ್ಪಡಿಸಿತು. ಆಮೇಲೆ ಮುಕ್ತ ವಿಶ್ವವಿದ್ಯಾನಿಲಯಗಳು ಬಿ.ಸಿ.ಎ., ಎಂ.ಸಿ.ಎ. ಪದವಿಗಳನ್ನು ತೆರೆದುವು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಈಗಿನ ಎರಡು ವರ್ಷಗಳ ಎಂ.ಸಿ.ಎ. ಪದವಿಯಲ್ಲಿ ‘ವೆಬ್ ಟೆಕ್ನಾಲಜೀಸ್’ ಎಂಬ ವಿಷಯದಡಿ ಸರ್ವ್ಲೆಟ್, ಜೆ.ಎಸ್.ಪಿ., ಹೈಬರ್ನೇಟ್, ಸ್ಪ್ರಿಂಗ್ ಇವುಗಳನ್ನು ಕಲಿಸುತ್ತಾರೆ. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಐ.ಟಿ. ಪದವಿಯ ೨೦೧೮–೧೯ರ ಪಠ್ಯಕ್ರಮದಲ್ಲಿ ಮೂರನೆಯ ವರ್ಷಕ್ಕೆ ‘ಎಂಟರ್‌ಪ್ರೈಸ್ ಜಾವಾ’ ಎಂಬ ಹೆಸರಿನ ವಿಷಯವೇ ಇದ್ದಿತು. ಮದರಾಸಿನ ಐ.ಐ.ಟಿ.ಯು ೨೦೨೦ರಲ್ಲಿ ಆರಂಭಿಸಿದ ಆನ್‌ಲೈನ್ ಪದವಿಯಲ್ಲಿ ವೆಬ್ ಅಪ್ಲಿಕೇಶನ್ ನಿರ್ಮಾಣದ ಎರಡು ವಿಷಯಗಳಿವೆ. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರದಲ್ಲಿ ಖುದ್ದಾಗಿ.

ಆದರೆ ಮುದ್ರೆಯ ವಿಷಯದಲ್ಲಿ ಎರಡು ಕಹಿ ಪ್ರಸಂಗಗಳನ್ನು ಮರೆಯಬಾರದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಪದವಿಗಳನ್ನೂ ನಡೆಸುತ್ತಿದೆಯೆಂಬ ಆಕ್ಷೇಪಣೆಯಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೩–೧೪ರಿಂದ ಅದಕ್ಕೆ ಮಾನ್ಯತೆಯನ್ನು ಕೊಡಲಿಲ್ಲ. ೨೦೧೫ರ ಜೂನಿನಲ್ಲಿ ಇದು ಬಹಿರಂಗವಾಗಿ ಪ್ರಕಟವಾದಾಗ ಅಷ್ಟರಲ್ಲಿಯೇ ಓದಿ ಮುಗಿಸಿದವರೂ ಇದ್ದರು. ಮಾನ್ಯತೆ ಮರಳಿ ದೊರೆತುದು ೨೦೧೮ರಲ್ಲಿ. ಎರಡನೆಯದು, ೨೦೧೭ರ ನವೆಂಬರ್ ೩ರಂದು ಸರ್ವೋಚ್ಚ ನ್ಯಾಯಾಲಯವು ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅಂಚೆಯ ಮೂಲಕ ಕೊಟ್ಟ ಇಂಜಿನಿಯರಿಂಗ್ ಪದವಿಗಳನ್ನು ಕುರಿತು ಕೊಟ್ಟ ತೀರ್ಪು. ೨೦೦೧ರಿಂದ ೨೦೦೫ರವರೆಗಿನ ತಂಡಗಳ ಪದವಿಗಳನ್ನು ಅಮಾನತಿನಲ್ಲಿಟ್ಟು ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶವಿತ್ತರು, ಅನಂತರದವುಗಳನ್ನು ರದ್ದುಗೊಳಿಸಿದರು. ಹತ್ತು ವರ್ಷ ನೌಕರಿ ಮಾಡಿ, ಬಡ್ತಿ ಪಡೆದು, ಮಕ್ಕಳ ಮದುವೆಯ ಮಾತು ಆಡುತ್ತಿರುವ ವಯಸ್ಸಿನಲ್ಲಿ ತನ್ನ ಪದವಿಯು ಪದವಿಯೇ ಅಲ್ಲವೆಂದು ಕೇಳಬೇಕಾದವನ ಸಂಕಟವನ್ನು ಊಹಿಸಬಹುದು. ರಾತ್ರಿ ಶಾಲೆಯ ಬಾಲಕನಿಗೆ ಮುದ್ರೆ ದೊರೆಯದಿದ್ದುದು ಒಂದು ದುಃಖ. ದೊರೆತ ಮುದ್ರೆ ಕೈಯಲ್ಲಿಯೇ ಅಳಿಸಿಹೋದುದು ಅದಕ್ಕಿಂತ ಹೆಚ್ಚಿನದು.

ಆದುದರಿಂದ ಇಂದು ಸೇರಬೇಕೆನ್ನುವವರು ತಿಳಿದಿರತಕ್ಕ ಸಂಗತಿಗಳು ಹೀಗಿವೆ. ಇಂಜಿನಿಯರಿಂಗ್ ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಗಣಕ ಅನ್ವಯದ ಎಂ.ಸಿ.ಎ. ಮುಂತಾದ ಪದವಿಗಳನ್ನು ಅನುಮತಿ ಪಡೆದು ಕೊಡಬಹುದು. ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯದ ದೂರಶಿಕ್ಷಣಕ್ಕೆ ರಾಜ್ಯದ ಗಡಿಯೇ ಮೇರೆ. ೨೦೨೦ರ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಆನ್‌ಲೈನ್ ಪದವಿಗೆ ಆ ಮೇರೆಯಿಲ್ಲ. ೨೦೨೨ರ ಸೆಪ್ಟೆಂಬರ್ ೨ರ ಪ್ರಕಟಣೆಯಲ್ಲಿ ಆಯೋಗವು ಮಾನ್ಯ ಸಂಸ್ಥೆಗಳ ದೂರಶಿಕ್ಷಣದ ಮತ್ತು ಆನ್‌ಲೈನಿನ ಪದವಿಗಳು ಕಾಲೇಜಿನ ಪದವಿಗಳಿಗೆ ಸಮಾನವೆಂದು ಸ್ಪಷ್ಟಪಡಿಸಿದೆ. ಮಾನ್ಯತೆಯು ಸಂಸ್ಥೆಗೆ ಒಮ್ಮೆ ದೊರೆತರೆ ಸಾಲದು. ಆ ವರ್ಷಕ್ಕೆ, ಆ ಪದವಿಗೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಯೇ ಶುಲ್ಕ ಕಟ್ಟತಕ್ಕದ್ದು. ಸಾಲ ಕೊಡುವ ಮೊದಲು ದಸ್ತೈವಜನ್ನು ನೋಡುವ ಬ್ಯಾಂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೭

ಹೊತ್ತು ದೊರೆತಿದೆ, ಎಚ್ಚರದಿಂದ ನಡೆದರೆ ಮುದ್ರೆಯೂ ದೊರೆಯುತ್ತದೆ. ಪ್ರಯೋಗಾಲಯವೂ ಮನೆಗೇ ಬಂದಿದೆ. ಟಾಮ್‌ಕ್ಯಾಟ್ ಸರ್ವರ್, ಮೈ-ಎಸ್‌ಕ್ಯೂಎಲ್ ಡೇಟಾಬೇಸ್, ಲಿನಕ್ಸ್ ಇವುಗಳನ್ನು ಹಣ ಕೊಡದೆಯೇ ಪಡೆಯಬಹುದಾದುದರಿಂದ, ಎಂಬತ್ತರ ದಶಕದಲ್ಲಿ ಕಂಪೆನಿಯೊಳಗೆ ಕಾಲಿಟ್ಟವನಿಗೆ ಮಾತ್ರ ಸಿಗುತ್ತಿದ್ದ ಸಾಧನ ಇಂದು ಲ್ಯಾಪ್‌ಟಾಪ್ ಇದ್ದ ಯಾರಿಗೂ ಸಿಗುತ್ತದೆ. ಭಾಷೆಯ ತೊಡಕೂ ಸ್ವಲ್ಪ ಸಡಿಲವಾಗಿದೆ. ಅಂಧೇರಿಗೆ ಸಮೀಪದ ಪವಾಯಿಯ ಐ.ಐ.ಟಿ.ಯಲ್ಲಿ ನಡೆಯುತ್ತ ಬಂದ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯು ಜಾವಾ, ಪಿ.ಎಚ್.ಪಿ. ಮೊದಲಾದ ವಿಷಯಗಳ ಕಿರುಪಾಠಗಳನ್ನು ಸಿದ್ಧಪಡಿಸಿದ್ದು, ಯೋಜನೆಯ ಹಲವು ಪಾಠಗಳ ಧ್ವನಿ ಕನ್ನಡದಲ್ಲಿಯೂ ಇದೆ. ಪರದೆಯ ಮೇಲಿನ ಅಕ್ಷರ ಇಂಗ್ಲಿಷಾದರೂ ಕಿವಿಗೆ ಬೀಳುವ ವಿವರಣೆ ಕನ್ನಡದ್ದು. ಕನ್ನಡನಾಡಿನಿಂದ ದೂರದಲ್ಲಿರುವ ಪವಾಯಿಯಿಂದ ಈ ಕೆಲಸ ಹೊರಟುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಉಳಿದುದು ಜೊತೆ. ಬೇರೆ ವಿದ್ಯೆಗಳಲ್ಲಿ ಜೊತೆಯಿಲ್ಲದಿದ್ದರೆ ಬೇಸರವಾದೀತು. ಈ ವಿದ್ಯೆಯಲ್ಲಿ ಜೊತೆಯಿಲ್ಲದಿದ್ದರೆ ವಿದ್ಯೆಯೇ ಬಾರದು. ಇದಕ್ಕೆ ಕಾರಣವನ್ನು ಮೇಲೆ ಹೇಳಿದ ಉದಾಹರಣೆಯಲ್ಲಿಯೇ ಕಾಣಬಹುದು. ವಿದ್ಯಾರ್ಥಿಯು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಬ್ಯಾಂಕಿನ ತಂತ್ರಾಂಶವನ್ನು ಕಟ್ಟಿ ನಡೆಸಿದಾಗ ಗ್ರಾಹಕನೂ ಅವನೇ, ಗುಮಾಸ್ತೆಯೂ ಅವನೇ, ಅಧಿಕಾರಿಯೂ ಅವನೇ. ಒಬ್ಬನೇ ಮುಟ್ಟುವ ಖಾತೆಯಲ್ಲಿ ಇಬ್ಬರು ಏಕಕಾಲದಲ್ಲಿ ಹಣ ತೆಗೆಯುವ ಪ್ರಸಂಗವೇ ಒದಗುವುದಿಲ್ಲ. ಆದುದರಿಂದ ದೋಷವೂ ಕಾಣುವುದಿಲ್ಲ. ಕೃತಕವಾಗಿ ಸಾವಿರ ಬಳಕೆದಾರರನ್ನು ಸೃಷ್ಟಿಸಿ ಪರೀಕ್ಷಿಸುವ ಸಾಧನಗಳಿವೆ, ನಿಜ. ಆದರೆ ಯಾವುದನ್ನು ಪರೀಕ್ಷಿಸಬೇಕೆಂಬ ಸಂದೇಹವು ಹುಟ್ಟುವುದು ಇನ್ನೊಬ್ಬನು ನಮ್ಮ ಕೆಲಸದ ಮೇಲೆ ಕೈಯಿಟ್ಟಾಗ, ಇನ್ನೊಬ್ಬನು ಬರೆದುದನ್ನು ನಾವು ಓದಿದಾಗ. ಒಬ್ಬನು ಬರೆದುದನ್ನು ಇನ್ನೊಬ್ಬನು ನೋಡಿ ಒಪ್ಪದೆ ಮುಂದೆ ಸಾಗಿಸಬಾರದೆಂಬುದು ಬ್ಯಾಂಕಿನ ಹಳೆಯ ಶಿಸ್ತು. ತಂತ್ರಾಂಶದ ಕಂಪೆನಿಗಳಲ್ಲಿಯೂ ಅದೇ ಪದ್ಧತಿಯಿದೆ. ಮನೆಯಲ್ಲಿ ಒಂಟಿಯಾಗಿ ಕುಳಿತ ವಿದ್ಯಾರ್ಥಿಗೆ ಈ ಎರಡನೆಯ ಕಣ್ಣು ದೊರೆಯುವುದಿಲ್ಲ. ಅವನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನೌಕರಿಗೆ ಹೋದಾಗ ತಡೆಯುವುದು ಇಲ್ಲಿಯೇ.

ವಿಶ್ವವಿದ್ಯಾನಿಲಯಗಳು ಸಂಪರ್ಕ ತರಗತಿಗಳ ಮೂಲಕ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲು ಯತ್ನಿಸುತ್ತವೆ. ಆದರೆ ಪಾಳಿಯ ಕೆಲಸ, ಲೋಕಲ್ ಗಾಡಿಯ ನೂಕುನುಗ್ಗಲು, ಮನೆಯ ಹೊಣೆ ಇವುಗಳ ನಡುವೆ ಸಿಲುಕಿದವರು, ಅದರಲ್ಲಿಯೂ ಹೆಣ್ಣುಮಕ್ಕಳು, ದೂರದ ಕೇಂದ್ರಕ್ಕೆ ಹೋಗುವುದು ಕಷ್ಟ. ನಮ್ಮ ಸಂಘಗಳಾದರೋ ಮನೆಯ ಬಳಿಯಲ್ಲಿವೆ. ಮೊಗವೀರ ಮಂಡಳಿಯ ವಿದ್ಯಾಸಂಕುಲವು ಅಂಧೇರಿ ಪಶ್ಚಿಮದಲ್ಲಿಯೇ ಇದೆ. ಬಂಟರ ಸಂಘದ ವಿದ್ಯಾಸಂಸ್ಥೆಗಳು ಪವಾಯಿಯಲ್ಲಿವೆ. ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ದೂರಶಿಕ್ಷಣ ಕೇಂದ್ರವೂ ಕಲೀನೆಯ ಒಂದೇ ಆವರಣದಲ್ಲಿವೆ. ಇವುಗಳಿಗೆ ಹೊಸ ಕಾಲೇಜನ್ನು ಕಟ್ಟಿರೆಂದು ನಾನು ಹೇಳುವುದಿಲ್ಲ. ರವಿವಾರ ಬೆಳಗ್ಗೆ ಮೂರು ಗಂಟೆಗಳ ಕಾಲ ಒಂದು ಕೋಣೆ, ಒಂದು ಉದ್ದನೆಯ ಮೇಜು, ಅಂತರಜಾಲದ ಸಂಪರ್ಕ, ಯಾವ ಯಾವ ವಿಶ್ವವಿದ್ಯಾನಿಲಯಗಳಲ್ಲಿಯೋ ಓದುತ್ತಿರುವ ಎಂಟು ಹತ್ತು ಮಂದಿ, ಅವರ ನಡುವೆ ಸೀಪ್ಜಿನಲ್ಲಿಯೋ ಗೋರೆಗಾಂವಿನಲ್ಲಿಯೋ ಕೆಲಸ ಮಾಡುವ ಅನುಭವಿಯೊಬ್ಬರು. ಒಬ್ಬನು ಕಟ್ಟಿದ ತಂತ್ರಾಂಶವನ್ನು ಉಳಿದವರು ಏಕಕಾಲಕ್ಕೆ ತೆರೆದು ಕೆಡಿಸಲು ಯತ್ನಿಸಲಿ. ಮಾತು ಕನ್ನಡದಲ್ಲಿಯೋ ತುಳುವಿನಲ್ಲಿಯೋ ನಡೆಯಲಿ. ರಾತ್ರಿ ಶಾಲೆಗೆ ಬೇಕಾದುದಕ್ಕಿಂತ ಕಡಿಮೆ ವೆಚ್ಚದಲ್ಲಿ ಇದು ನಡೆದೀತು.

ಕೊನೆಯದಾಗಿ ಚರಿತ್ರೆಯ ವಿದ್ಯಾರ್ಥಿಯಾಗಿ ಒಂದು ವಿಜ್ಞಾಪನೆ. ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು, ಬ್ಯಾಂಕರ್ಸ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು, ಮೈಸೂರಿನಿಂದಲೂ ಮುಂಬಯಿಯಿಂದಲೂ ಅಂಚೆಯಲ್ಲಿ ಬಂದ ಪಾಠದ ಹೊತ್ತಗೆಗಳು, ತೊಂಬತ್ತರ ದಶಕದ ಕಂಪ್ಯೂಟರ್ ವರ್ಗಗಳ ಟಿಪ್ಪಣಿಗಳು — ಇವು ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಕನ್ನಡದ ಅರ್ಥಗಳೊಡನೆ ಉಳಿದಿರುವ ಅಂತಹ ಒಂದೊಂದು ಹೊತ್ತಗೆಯೂ ದುಡಿಯುತ್ತ ಕಲಿತವನು ಎಲ್ಲಿ ತಡೆದನು, ಹೇಗೆ ದಾಟಿದನು ಎಂಬುದಕ್ಕೆ ಸಾಕ್ಷಿ. ಅವುಗಳನ್ನು ಹೊಂದಿರುವ ವಾಚಕರು ತಮ್ಮ ಸಮೀಪದ ಕನ್ನಡ ಸಂಘದ ಗ್ರಂಥಾಲಯಕ್ಕೆ ಒಪ್ಪಿಸಿದರೆ, ಮುಂದೆ ಈ ಅಧ್ಯಾಯವನ್ನು ವಿಸ್ತಾರವಾಗಿ ಬರೆಯುವವರಿಗೆ ಆಧಾರವಾದೀತು.